ನಿಮ್ಮ ಬೀದಿ ಪರದೆಯ ಊರು

ನನ್ನ ಪರದೆ ಮೇಷ್ಟ್ರೇ,

ನಾನು ವಾಸು. ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟನಾಗಿ ನಿಂತು ‘ಶೃಂಗೇರಿ, ಶೃಂಗೇರಿ’ ಎಂದು ಕೂಗಿದರೆ ಶೃಂಗೇರಿಯಲ್ಲಿರುವವರೇ ಬಸ್ಸು ಹತ್ತಲು ಎದ್ದು ಬರುತ್ತಾರೆ ಎಂದು ನೀವು ಗೇಲಿ ಮಾಡುತ್ತಿದ್ದಿರಲ್ಲ, ಅದೇ ವಾಸು. ನೀವು ಹೋದ ಮೇಲೆ ನಿಮ್ಮ ವಿಷಯವನ್ನು ಎಷ್ಟೋ ಜನರ ಎದುರು ಎಷ್ಟೋ ದೊಡ್ಡ ದನಿಯಲ್ಲಿ ಆಡಿದ್ದೇನೆ. ನಿಮ್ಮ ಎದುರೇ ಆಡುವುದೊಂದು ಉಳಿದಿತ್ತು. ಮೊದಲೇ ಹೇಳಿಬಿಡುತ್ತೇನೆ, ಇದು ಹಾಡಿ ಹೊಗಳುವ ಪತ್ರವಲ್ಲ. ನಿಮ್ಮ ಮೇಲೆ ನನಗೊಂದು ಗುಮಾನಿ ಇತ್ತು. ಐವತ್ತು ವರ್ಷ ಬೆಚ್ಚಗೆ ಕಾಪಾಡಿಕೊಂಡು ಬಂದ ಗುಮಾನಿ. ಅದನ್ನು ಹೊತ್ತುಕೊಂಡು ಜರ್ಮನಿಯವರೆಗೆ ಹೋಗಿ ಬಂದೆ. ಹೌದು, ಜರ್ಮನಿ! ನಗಬೇಡಿ.

ನೀವು ಬರೆದ ಆ ಬೀದಿ ಪರದೆ ಮೊದಲ ಸಲ ಇಳಿದ ಸಂಜೆ ನೆನಪಿದೆಯಾ? ನರಸಿಂಹರಾಜಪುರದಲ್ಲಿ ನಮ್ಮ ಹವ್ಯಾಸಿ ಸಂಘದ ಪೌರಾಣಿಕ ನಾಟಕ. ತುರ್ತು ಪರಿಸ್ಥಿತಿಗಿಂತ ಮುಂಚಿನ ಮಾತು. ನಾನು ಆಗಷ್ಟೇ ಮೀಸೆ ಮೂಡಿದ ದ್ವಾರಪಾಲಕ. ‘ಮಹಾಪ್ರಭುಗಳಿಗೆ ಜಯವಾಗಲಿ’ ಎಂಬ ಒಂದೇ ಮಾತಿನ ಪಾತ್ರ. ಅದನ್ನೇ ಎಳೆದೆಳೆದು ಹೇಳಿ ರಾಜನ ಪಾತ್ರಧಾರಿಯಿಂದ ಬೈಸಿಕೊಂಡವನು. ಅರಮನೆಯ ಪರದೆ ಮೇಲೆ ಸರಿಯಿತು, ಬೀದಿಯ ಪರದೆ ಉರುಳಿಕೊಂಡು ಕೆಳಗಿಳಿಯಿತು. ಸಭೆಗೆ ಸಭೆಯೇ ‘ಹೋ!’ ಎಂದಿತು. ಎಂಥ ಬೀದಿ ಮೇಷ್ಟ್ರೇ ಅದು! ಭುಜಕ್ಕೆ ಭುಜ ಕೊಟ್ಟು ನಿಂತ ಎತ್ತರದ ಮನೆಗಳು, ಆಕಾಶಕ್ಕೆ ತಿವಿಯುವ ಚೂಪು ಮಾಡುಗಳು, ಬಿಳಿ ಗೋಡೆಗಳ ತುಂಬ ಕಿಟಕಿ, ಎದುರಿಗೆ ಕಲ್ಲು ಹಾಸಿದ ಬಯಲು, ನಡುವೆ ನೀರಿನ ತೊಟ್ಟಿ, ತೊಟ್ಟಿಯ ಮೇಲೆ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ತಕ್ಕಡಿ ಹಿಡಿದ ಹೆಂಗಸಿನ ಪ್ರತಿಮೆ. ಅವಳಿಗೆ ನಾವು ‘ಬದನೆಕಾಯಿ ಅಕ್ಕ’ ಎಂದು ಹೆಸರಿಟ್ಟಿದ್ದೆವು. ತಕ್ಕಡಿ ತೂಗುವುದಕ್ಕೆ, ಕತ್ತಿ ಚೌಕಾಸಿ ಮಾಡುವವರಿಗೆ! ಕಿರೀಟ ತೊಟ್ಟ ಪುರಾಣದ ರಾಜರು ಆ ಬೀದಿಯಲ್ಲಿ ಧಾರಾಳವಾಗಿ ಓಡಾಡಿದರು. ಇದು ಯಾವ ಯುಗದ ಯಾವ ಊರು ಎಂದು ಒಬ್ಬನಾದರೂ ಕೇಳಬೇಕೇ? ಕರಪತ್ರದಲ್ಲೇ ಅಚ್ಚಾಗಿತ್ತು: ‘ಮಂಜಪ್ಪ ಮೇಷ್ಟ್ರ ಸ್ವಂತ ಕಲ್ಪನೆಯ ಭವ್ಯ ಸೀನರಿ!’

ಕೇಳಿದವರು ಒಬ್ಬರೇ. ಶೃಂಗೇರಿಯಲ್ಲಿ ಪರದೆ ಬರೆದು ಬಾಡಿಗೆಗೆ ಕೊಡುತ್ತಿದ್ದ ಅನಂತಯ್ಯನವರು. ಮಂಗಳ ಹಾಡಿದ ಮೇಲೆ ಅವರು ರಂಗದ ಮೇಲೇ ಹತ್ತಿ ಬಂದು, ನಿಮ್ಮ ಮನೆಗಳ ಮೇಲೆ ಕೈ ಸವರಿ, ಎಲ್ಲರೆದುರು ಕೇಳಿದರಲ್ಲ: “ಎಲ್ಲಿಂದ ಎತ್ತಿದ್ದು ಮಂಜಪ್ಪ? ಹೇಳು ಮಾರಾಯ.” ನೀವು ಅಂದಿರಿ, “ಕಲ್ಪನೆ.” ಅವರು ನಕ್ಕರು. “ನಿನ್ನ ಕಲ್ಪನೆಗೆ ಶೆಟ್ಟಿಕೊಪ್ಪದಲ್ಲಿ ಐದಂತಸ್ತಿನ ಮನೆ ಸಿಕ್ತಾ?” ಅಷ್ಟೇ. ಮಾರನೆಯ ದಿನ ಪೇಟೆಯಲ್ಲಿ ಮಾತು ಬೆಳೆದಿತ್ತು. ಅದರ ಮಾರನೆಯ ದಿನ ಮಾತಿಗೆ ಕಾಲೂ ಬಂದಿತ್ತು. ಮಂಜಪ್ಪನದ್ದು ಕದ್ದ ಬೀದಿಯಂತೆ! ನೀವು ಪರದೆ ಸುತ್ತಿ, ಎತ್ತಿನ ಗಾಡಿಗೆ ಹಾಕಿಕೊಂಡು ಶೆಟ್ಟಿಕೊಪ್ಪದ ಮನೆಯ ಅಟ್ಟಕ್ಕೆ ಏರಿಸಿದಿರಿ. ಮತ್ತೆ ಒಂದು ಪರದೆಯನ್ನೂ ಬರೆಯಲಿಲ್ಲ. ಬಸ್ಸಿನ ಬೋರ್ಡು ಬರೆದಿರಿ, ಅಂಗಡಿಯ ಬೋರ್ಡು ಬರೆದಿರಿ. ನಾನು ಕೂಗುತ್ತಿದ್ದ ಊರುಗಳ ಹೆಸರನ್ನೆಲ್ಲ ಬಸ್ಸಿನ ಹಣೆಯ ಮೇಲೆ ಬರೆದವರು ನೀವೇ. ಪರದೆಯ ಸುದ್ದಿ ತೆಗೆದರೆ ಮಾತ್ರ ಎದ್ದು ಹೋಗುತ್ತಿದ್ದಿರಿ. ಹಾಗೆ ಎದ್ದು ಹೋಗುವ ಮನುಷ್ಯನ ಮೇಲೆ ಗುಮಾನಿ ಬಾರದೆ ಇನ್ನೇನು ಬಂದೀತು?

ಹೋದ ವರ್ಷ ದೀಪಾವಳಿ ಕಳೆದ ಮೇಲೆ ನಾನು ನಿಮ್ಮ ಮನೆಗೆ ಹೋಗಿದ್ದೆ. ನಿಮ್ಮ ಮಗಳು ಗಿರಿಜ ಜಗುಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದಳು. ಕೊಪ್ಪದಲ್ಲಿ ಹೊಸ ರಂಗಮಂದಿರ ಆಗುತ್ತಿದೆ, ನಮ್ಮ ಸಂಘದವರು ಆ ಹಳೆಯ ಪರದೆಯನ್ನು ಅಲ್ಲಿ ತೂಗುಹಾಕಬೇಕು ಅಂತಿದ್ದಾರೆ, ಬುಡದಲ್ಲಿ ನಿಮ್ಮ ಹೆಸರನ್ನು ದೊಡ್ಡದಾಗಿ ಬರೆಸುತ್ತಾರೆ ಎಂದೆ. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಅವಳು ನಿಮ್ಮ ಮಗಳಲ್ಲವೇ?

“ವಾಸಣ್ಣ, ಅದು ಕದ್ದದ್ದೋ, ಅಪ್ಪಯ್ಯನ ತಲೇಲಿ ಹುಟ್ಟಿದ್ದೋ?” ಎಂದು ಕೇಳಿದಳು.

“ಈಗ ಅದೆಲ್ಲ ಎಂತಕ್ಕೆ ಗಿರಿಜ?”

“ನಂಗೆ ಬೇಕು. ಶಾಲೇಲಿ ಹುಡುಗೀರು ನಂಗೆ ಕದ್ದ ಬೀದಿ ಅಂತ್ಲೇ ಕರೀತಿದ್ರು. ಕದ್ದದ್ದಾದ್ರೆ ಹೆಸರು ಬೇಡ, ಸುಮ್ನೆ ಪರದೆ ಒಯ್ರಿ. ಕದ್ದಿಲ್ಲ ಅಂದ್ರೆ ಆನೆಗಾತ್ರ ಬರೀರಿ. ಗೊತ್ತಾಗೋವರೆಗೆ ಅಟ್ಟದಿಂದ ಇಳ್ಸೂದಿಲ್ಲ. ಬರೀ ಮಾತಾಡ್ಬೇಡ, ತಿಳ್ಕೊಂಡು ಬಾ.”

ಯಾರನ್ನು ಕೇಳಿ ತಿಳಿದುಕೊಳ್ಳಲಿ? ನೀವು ಹೋಗಿದ್ದಿರಿ. ಅವಳೇ ನನ್ನನ್ನು ಅಟ್ಟ ಹತ್ತಿಸಿ, ಫೋಟೋಗೆ ಮಾತ್ರ ಎಂದು ಪರದೆಯನ್ನು ಅಂಗಳದಲ್ಲಿ ಬಿಚ್ಚಿ, ನನ್ನ ಫೋನಿನಲ್ಲಿ ಫೋಟೋ ತೆಗೆಸಿ, ಮತ್ತೆ ಅಟ್ಟಕ್ಕೇ ಹಾಕಿಸಿದಳು. ಆ ಫೋಟೋ ಜೇಬಿನಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ತಿರುಗಿದೆ. ಅಷ್ಟರಲ್ಲಿ ನನ್ನ ಹೆಂಡತಿ ಲಲಿತ, ಮೇಷ್ಟ್ರುಗಿರಿಯಿಂದ ನಿವೃತ್ತಳಾದವಳು, ಯುರೋಪು ನೋಡಿಯೇ ಸಾಯುವುದು ಎಂದು ಹಟ ಹಿಡಿದು ಇಬ್ಬರ ಹೆಸರನ್ನೂ ಒಂದು ಪ್ರವಾಸದ ತಂಡಕ್ಕೆ ಕೊಟ್ಟಿದ್ದಳು. ಕೊಪ್ಪ, ಶೃಂಗೇರಿ, ಕಮ್ಮರಡಿ, ಎಲ್ಲ ಕಡೆಯವರೂ ಸೇರಿ ಒಂದು ಬಸ್ಸು ಜನ. ಅವಲಕ್ಕಿ, ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ಸಮೇತ ವಿಮಾನ ಇಳಿದದ್ದು ಫ್ರಾಂಕ್‌ಫರ್ಟ್ ಎಂಬ ಮಹಾನಗರದಲ್ಲಿ.

ಇಳಿದ ದಿನವೇ ನನಗೆ ಆ ಊರಿನ ಮೇಲೆ ಸಂಶಯ ಬಂತು ಮೇಷ್ಟ್ರೇ. ಭೂಮಿಯ ಅಡಿಯಲ್ಲಿ ರೈಲು. ಒಳಗೆ ಹೋಗಲು ಗೇಟಿಲ್ಲ, ತಡೆಯುವವನಿಲ್ಲ, ಟಿಕೆಟ್ ಹರಿಯುವವನಿಲ್ಲ. ಕಮ್ಮರಡಿಯ ನಾಗಪ್ಪ ಕಣ್ಣರಳಿಸಿದ. “ವಾಸಣ್ಣ, ಕೇಳೋರೇ ಇಲ್ಲ ಮಾರಾಯ! ಎಂಥ ನಂಬಿಕೆ ಈ ಜನಕ್ಕೆ!” ನಾನು ಜೀವಮಾನವೆಲ್ಲ ಬಸ್ಸಿಗೆ ಜನ ಹತ್ತಿಸಿದವನು. ಕೇಳುವವರಿಲ್ಲದ ಕಡೆ ನೋಡುವವರು ಇದ್ದೇ ಇರುತ್ತಾರೆ ಎಂದೆ. ನನ್ನ ಮಾತು ಮುಗಿಯುವುದರೊಳಗೆ ಎದುರಿನ ಸೀಟಿನಲ್ಲಿ ಗುಂಗುರು ಕೂದಲು ಬಿಟ್ಟು, ಹರಕು ಪ್ಯಾಂಟು ತೊಟ್ಟು, ಕಿವಿಗೆ ಹಾಡು ಸಿಕ್ಕಿಸಿಕೊಂಡು ತೂಗುತ್ತಿದ್ದ ಮನುಷ್ಯ ಸಟ್ಟನೆ ಎದ್ದು, ಕೊರಳಿನಿಂದ ಬಿಲ್ಲೆ ತೆಗೆದು ತೋರಿಸಿ, ಟಿಕೆಟ್ ಎಂದ! ನಾಗಪ್ಪ ಹುಡುಕಾಡಿ ಹುಡುಕಾಡಿ ಬಿಳಿಚಿಕೊಂಡ. ಕೊನೆಗೆ ಅದು ಅವಲಕ್ಕಿಯ ಚೀಲದಲ್ಲಿ ಸಿಕ್ಕಿತು. ನಾನು ಚಪ್ಪಾಳೆ ತಟ್ಟಿದೆ. ವೇಷ! ಪಕ್ಕಾ ವೇಷ! ಮಾರುವೇಷದ ರಾಜ ನಮ್ಮ ನಾಟಕದಲ್ಲಿ ಮಾತ್ರ ಬರುತ್ತಾನೆಂದು ತಿಳಿದಿದ್ದೆ. ಅವತ್ತಿನಿಂದ ಆ ಊರಿನಲ್ಲಿ ಯಾರನ್ನು ಕಂಡರೂ ಇವನು ನಿಜಕ್ಕೂ ಯಾರು ಎಂದು ಕೇಳಿಕೊಳ್ಳತೊಡಗಿದೆ. ರಸ್ತೆ ದಾಟಲು ಕಾಲಿಟ್ಟರೆ ಕಾರುಗಳು ತಾವಾಗಿ ನಿಲ್ಲುತ್ತಿದ್ದವು. ಯಾಕೆ ನಿಲ್ಲುತ್ತವೆ? ನಿಲ್ಲಿಸಿ, ನಾವು ನಡುವಿಗೆ ಬಂದ ಮೇಲೆ... “ದಾಟ್ರಿ ಸುಮ್ನೆ!” ಎಂದು ಲಲಿತ ಕೈ ಹಿಡಿದು ಎಳೆಯುತ್ತಿದ್ದಳು.

ಮರುದಿನ ಬೆಳಿಗ್ಗೆ ನಮ್ಮನ್ನು ಹಳೇ ಪೇಟೆ ತೋರಿಸಲು ಕರೆದುಕೊಂಡು ಹೋದರು. ಉರ್ಸುಲಾ ಎಂಬ ಬೆಳ್ಳಿಗೂದಲಿನ ಹೆಂಗಸು ನಮ್ಮ ಗೈಡು, ಕೈಯಲ್ಲಿ ಹಳದಿ ಕೊಡೆ. ಗಲ್ಲಿ ತಿರುಗಿದೆವು. ಬಯಲು ತೆರೆಯಿತು. ನಾನು ನಿಂತಲ್ಲೇ ನಿಂತೆ. ಕಲ್ಲು ಹಾಸಿದ ನೆಲ. ನಡುವೆ ತೊಟ್ಟಿ. ತೊಟ್ಟಿಯ ಮೇಲೆ ಕತ್ತಿ ತಕ್ಕಡಿ ಹಿಡಿದು ನಮ್ಮ ಬದನೆಕಾಯಿ ಅಕ್ಕ! ಅವಳ ಹಿಂದೆ ಭುಜಕ್ಕೆ ಭುಜ ಕೊಟ್ಟು ಅವೇ ಮನೆಗಳು, ಅವೇ ಚೂಪು ಮಾಡುಗಳು. ಐವತ್ತು ವರ್ಷದ ಗುಮಾನಿ ಒಂದೇ ಉಸಿರಿಗೆ ಹೊರಬಂತು. “ಸಿಕ್ಕಿಬಿದ್ದಿರಿ ಮೇಷ್ಟ್ರೇ!” ಪಾರಿವಾಳಗಳು ಹಾರಿದವು. ಐಸ್‌ಕ್ರೀಮ್ ತಿನ್ನುತ್ತಿದ್ದವರು ತಿರುಗಿದರು. ಲಲಿತ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು: “ಮೆಲ್ಲಗೆ! ಇಲ್ಲಿ ಬದುಕಿದವರನ್ನೇ ಇಷ್ಟು ದೊಡ್ಡಕ್ಕೆ ಕರೆಯೋದಿಲ್ಲ, ನೀವು ಸತ್ತವರನ್ನ ಕರೀತಿದೀರಿ.”

ಫೋನು ತೆಗೆದು ಫೋಟೋ ಪಕ್ಕಕ್ಕೆ ಹಿಡಿದೆ. ಮನೆಗೆ ಮನೆ, ಮಾಡಿಗೆ ಮಾಡು ಕೂಡಿತು. ಒಂದೇ ವ್ಯತ್ಯಾಸ. ಎದುರಿನ ಮನೆಗಳ ಗೋಡೆಯ ತುಂಬ ಮರದ ಕಂಬ, ಅಡ್ಡಪಟ್ಟಿ, ಓರೆಪಟ್ಟಿಗಳ ಚಂದದ ಕಟ್ಟು. ನಿಮ್ಮ ಗೋಡೆಗಳು ಬೋಳು. ಕದಿಯುವುದರಲ್ಲೂ ಸೋಮಾರಿತನವೇ ಮೇಷ್ಟ್ರೇ ಎಂದು ಬೈದುಕೊಂಡೆ. ಗಿರಿಜನಿಗೆ ಏನು ಹೇಳಲಿ? ಅವಳ ಜಗುಲಿಯಲ್ಲಿ ನಿಂತು, ಹೌದಮ್ಮ, ಆ ಹುಡುಗಿಯರು ಹೇಳಿದ್ದೇ ಸರಿ ಅಂತ...

ನಿಮ್ಮ ಜೊತೆ ಪರದೆ ಕಟ್ಟಿದವನಿಗೆ ಒಂದು ಚಾಳಿ ಇರುತ್ತದೆ. ಎಷ್ಟು ಚಂದದ ಅರಮನೆ ಕಂಡರೂ ಹಿಂದಕ್ಕೆ ಹೋಗಿ ನೋಡುವುದು. ಎಲ್ಲಿ ಕಟ್ಟಿದ್ದಾರೆ, ಎಲ್ಲಿ ಹೊಲಿದಿದ್ದಾರೆ, ಯಾವ ಬಿದಿರು. ಆ ಮನೆಗಳು ನನಗೆ ಹಿಡಿಸಲೇ ಇಲ್ಲ. ನಾನೂರು ಐನೂರು ವರ್ಷದ ಮನೆ ಎನ್ನುತ್ತಿದ್ದಾನೆ ನಾಗಪ್ಪ. ಒಂದು ಮರವೂ ಬಾಗಿಲ್ಲ, ಒಂದು ಮೂಲೆಯೂ ಸವೆದಿಲ್ಲ. ನಾನು ಸೀದಾ ಹೋಗಿ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ಬಡಿದೆ, ಬಟ್ಟೆಯೋ ಹಲಗೆಯೋ ಎಂದು ನಾವು ಬಡಿದು ನೋಡುತ್ತಿದ್ದ ಹಾಗೆ. ಒಳಗಿನಿಂದ ಹೋಟೆಲಿನವನೊಬ್ಬ ಯಾರು ಎಂದು ಇಣುಕಿದ. ಕೈಮುಗಿದು, ಸಂದಿಯಿಂದ ನುಸುಳಿ ಹಿಂಬದಿಗೆ ಹೋದೆ. ಹೋಗಿ ನೋಡಿದರೆ... ಸಿಮೆಂಟು ಮೇಷ್ಟ್ರೇ! ಮುಂದೆ ಮಹಾರಾಜರ ಕಾಲ, ಹಿಂದೆ ನಮ್ಮ ಚಿಕ್ಕಮಗಳೂರಿನ ಹೊಸ ಬಡಾವಣೆ! “ಪರದೆ!” ಎಂದು ಕೂಗಿದೆ. “ಲಲಿತ, ಇದು ಪರದೆ ಕಣೇ!”

ಅಷ್ಟರಲ್ಲಿ ಹಳದಿ ಕೊಡೆ ಹಿಡಿದು ಉರ್ಸುಲಾ ಓಡಿ ಬಂದಳು. ಆಕೆಯ ಇಂಗ್ಲಿಷನ್ನು ಲಲಿತ ನನಗೆ ಕನ್ನಡ ಮಾಡಿ ಹೇಳಿದಳು. ಸಿಟ್ಟಾಗಿರಲಿಲ್ಲ ಆಕೆ, ನಗುತ್ತಿದ್ದಳು. “ನಿಮ್ಮ ಯಜಮಾನರು ಕಂಡುಹಿಡಿದುಬಿಟ್ಟರು. ಈ ಸಾಲು ಹಳೆಯದಲ್ಲ. ಯುದ್ಧದಲ್ಲಿ ಬಾಂಬು ಬಿದ್ದು ಹಳೆಯ ಮನೆಗಳೆಲ್ಲ ಸುಟ್ಟುಹೋದವು. ನಾನು ಚಿಕ್ಕವಳಿದ್ದಾಗ ಇಲ್ಲಿ ಏನೂ ಇರಲಿಲ್ಲ. ಖಾಲಿ ಬಯಲು. ಎಂಬತ್ತರ ದಶಕದಲ್ಲಿ ಹಳೆಯ ಚಿತ್ರಗಳನ್ನು ಇಟ್ಟುಕೊಂಡು ಮತ್ತೆ ಕಟ್ಟಿದರು.”

ನಾನು ಲಲಿತನ ಮುಖ ನೋಡಿದೆ. “ಯಾವಾಗ ಅಂದಳು?”

“ಎಂಬತ್ತರ ದಶಕ.”

ಮೇಷ್ಟ್ರೇ, ನಿಮ್ಮ ಪರದೆ ಇಳಿದದ್ದು ಅದಕ್ಕೂ ಮುಂಚೆ! ಅಂದರೆ ನೀವು ಬರೆಯುವಾಗ ಆ ಬೀದಿ ಆ ಊರಿನಲ್ಲಿಯೇ ಇರಲಿಲ್ಲ! ನಾನು ಫೋನನ್ನು ಆಕೆಯ ಮೂಗಿನ ಹತ್ತಿರ ಹಿಡಿದೆ. ಈಗ ಗುಮಾನಿಪಡುವ ಸರದಿ ಆಕೆಯದ್ದು. ಕನ್ನಡಕ ಏರಿಸಿದಳು. ಇದು ಯಾವಾಗಿನದು ಎಂದು ಕೇಳಿದಳು. ಹೇಳಿದೆ. ತಲೆ ಅಲ್ಲಾಡಿಸಿದಳು. ಸಾಧ್ಯವಿಲ್ಲ, ನಿಮ್ಮವರು ಯಾರೋ ಇತ್ತೀಚೆಗೆ ಇಲ್ಲಿಗೆ ಬಂದು ನೋಡಿ ಬರೆದಿರಬೇಕು ಎಂದಳು. ನೋಡಿ, ಏಳು ಸಮುದ್ರ ದಾಟಿದರೂ ಅದೇ ಮಾತು! ನಾನು ದ್ವಾರಪಾಲಕನಾಗಿ ಆ ಬೀದಿಯಲ್ಲಿ ನಿಂತವನು, ನಾನೇ ಸಾಕ್ಷಿ ಎಂದು ಎದೆ ತಟ್ಟಿಕೊಂಡೆ. ಆಕೆ ನಂಬಲಿಲ್ಲ. ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ನೋಡುತ್ತಲೇ ಇದ್ದಳು. ಆಮೇಲೆ ಆ ಬೆರಳು ನಿಂತಿತು.

“ಮರ ಎಲ್ಲಿ?” ಎಂದಳು ಉರ್ಸುಲಾ. “ಗೋಡೆಯ ಮೇಲಿನ ಮರದ ಕಟ್ಟು?”

ಮೇಷ್ಟ್ರು ಬಿಟ್ಟುಬಿಟ್ಟಿದ್ದಾರೆ, ಸೋಮಾರಿತನ ಎಂದು ನಾನು ನಾಚಿಕೊಂಡು ಹೇಳಿದೆ. ಲಲಿತ ಅದನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಆಕೆಯ ಮುಖವೇ ಬದಲಾಗಿತ್ತು. “ಅಲ್ಲ, ಅಲ್ಲ. ಯುದ್ಧಕ್ಕೆ ಮುಂಚೆ ಆ ಮರ ಹೊರಗೆ ಕಾಣುತ್ತಿರಲಿಲ್ಲ. ಮೇಲೆ ಗಾರೆ ಬಳಿದು, ಕಲ್ಲಿನ ಹಲಗೆ ಹೊದಿಸಿದ್ದರು. ಒಳಗೆ ಮರ ಹೇಗಿತ್ತೆಂದು ಸರಿಯಾಗಿ ಗೊತ್ತಿರಲಿಲ್ಲ. ಮತ್ತೆ ಕಟ್ಟಿದವರು ಹೀಗಿದ್ದಿರಬಹುದು ಎಂದು ಊಹೆ ಮಾಡಿ ಈ ಚಂದ ತಂದರು. ನಿಮ್ಮ ಚಿತ್ರದಲ್ಲಿರುವುದು ಸುಡುವುದಕ್ಕೆ ಮುಂಚಿನ ಬೀದಿ.” ಆಮೇಲೆ ಕೇಳಿದಳು: “ಇದನ್ನು ನನ್ನ ಫೋನಿಗೆ ಕಳಿಸುತ್ತೀರಾ? ನನ್ನ ಅಜ್ಜಿ ಹೇಳುತ್ತಿದ್ದದ್ದು ಇದನ್ನು.”

ಕೇಳಿದಿರಾ ಮೇಷ್ಟ್ರೇ? ಕಲ್ಪನೆ ಮಾಡಿದವರು ಅವರು! ಕಂಡದ್ದನ್ನು ಕಂಡ ಹಾಗೆ ಬರೆದವರು ನೀವು! ಆ ಊರಿನಲ್ಲಿ ಬರೀ ಬಯಲಿದ್ದ ಕಾಲದಲ್ಲಿ ಆ ಬೀದಿ ಆಳೆತ್ತರಕ್ಕೆ ನಿಂತದ್ದು ಎಲ್ಲಿ? ನರಸಿಂಹರಾಜಪುರದ ತಗಡಿನ ಚಪ್ಪರದಡಿಯಲ್ಲಿ, ನನ್ನ ಬೆನ್ನ ಹಿಂದೆ! ನನಗೆ ಕುಣಿಯಬೇಕು ಅನ್ನಿಸಿತು. ಆದರೆ ಕುಣಿಯಲು ಕಾಲೆತ್ತಿದವನಿಗೆ ಇನ್ನೊಂದು ಗುಮಾನಿ ಅಡ್ಡ ಬಂತು. ಕಂಡದ್ದು ಎಂದರೆ, ಎಲ್ಲಿ ಕಂಡದ್ದು? ಕಲ್ಪನೆ ಎಂದಿರಲ್ಲ, ಅದು ಸುಳ್ಳಾಯಿತಲ್ಲ? ಪರದೆ ಬರೆಯುವ ಮುಂಚಿನ ಬೇಸಿಗೆಯಲ್ಲಿ ನೀವು ಯಾವುದೋ ಎಸ್ಟೇಟಿನ ಹಳೇ ಬಂಗಲೆಗೆ ಸುಣ್ಣ ಹೊಡೆಯಲು ಹೋಗಿದ್ದಿರಿ. ಬಿಳಿ ದೊರೆಗಳು ಬಿಟ್ಟುಹೋದ ಬಂಗಲೆ. ಅಲ್ಲಿನ ಗೋಡೆಯ ಮೇಲೆ ಈ ಬೀದಿಯ ಹಳೇ ಚಿತ್ರವೊಂದು ಇದ್ದಿರಬೇಕು. ಇರಲೇಬೇಕು. ಹೌದೋ ಅಲ್ಲವೋ? ಉತ್ತರ ಕೊಡುವುದಿಲ್ಲ ನೀವು, ಎದ್ದು ಹೋಗುತ್ತೀರಿ.

ಊರಿಗೆ ಬಂದ ವಾರದಲ್ಲೇ ಶೆಟ್ಟಿಕೊಪ್ಪಕ್ಕೆ ಹೋಗಿ ಗಿರಿಜನಿಗೆ ಎಲ್ಲ ಹೇಳಿದೆ. ಬಣ್ಣ ಹಚ್ಚಲಿಲ್ಲ, ಬಚ್ಚಿಡಲೂ ಇಲ್ಲ. ಅವಳು ಕಾಫಿ ಲೋಟವನ್ನು ಕೈಯಲ್ಲೇ ತಿರುಗಿಸುತ್ತ ಕೇಳಿದಳು.

“ಹಾಗಾದ್ರೆ ಚಿತ್ರ ನೋಡಿ ಬರ್ದದ್ದೇ.”

“ಹೌದು.”

“ಕಲ್ಪನೆ ಅಂದದ್ದು ಸುಳ್ಳು.”

“ಸುಳ್ಳು. ಆದ್ರೆ ಗಿರಿಜ, ಅದು ಸುಟ್ಟೇ ಹೋದ ಬೀದಿ. ಇಲ್ಲದ್ದನ್ನ ಕದಿಯೋದು ಹೇಗೆ?”

“ನೀ ನಾಟಕದವ, ನಿಂಗೆ ಹಾಗೆ ಕಾಣ್ತದೆ.” ಲೋಟ ಕೆಳಗಿಟ್ಟಳು. “ನೋಡಿ ಬರ್ದೆ ಅಂತ ಒಂದ್ ಮಾತು ಹೇಳಿದ್ರೆ ಮುಗೀತಿತ್ತು. ಅಷ್ಟಕ್ಕೆ ಪರದೆ ಬರೆಯೋದೇ ಬಿಟ್ರಲ್ಲ ಅಪ್ಪಯ್ಯ. ಎಂತ ಮನುಷ್ಯ!” ಆಮೇಲೆ ಎದ್ದು ನಿಂತಳು. “ಹೆಸರು ಹಾಕ್ಸು ವಾಸಣ್ಣ. ಆದ್ರೆ ‘ನೋಡಿ ಬರೆದವರು’ ಅಂತ ಹಾಕ್ಸು.”

ಸಂಘದ ಅಧ್ಯಕ್ಷರು ಒಪ್ಪಲಿಲ್ಲ. ‘ನೋಡಿ’ ಎಂಬುದನ್ನು ತೆಗೆಯೋಣ, ಕಲಾವಿದರ ಗೌರವಕ್ಕೆ ಕುಂದು ಎಂದರು. ಆ ಮಾತಿಲ್ಲದಿದ್ದರೆ ಪರದೆಯೂ ಇಲ್ಲ ಎಂದಳು ನಿಮ್ಮ ಮಗಳು. ಅಧ್ಯಕ್ಷರು ಅಟ್ಟದ ಏಣಿಯನ್ನೂ ಅವಳನ್ನೂ ನೋಡಿ ಒಪ್ಪಿಕೊಂಡರು.

ಕಳೆದ ಶನಿವಾರ ಸಂಜೆ ಕೊಪ್ಪದ ರಂಗಮಂದಿರದಲ್ಲಿ ನಿಮ್ಮ ಬೀದಿ ಮತ್ತೆ ಇಳಿಯಿತು. ನಾನೇ ಮುಂದೆ ನಿಂತು ಆ ಊರಿನ ಕತೆ ಹೇಳಿದೆ, ಮೈಕು ಇಲ್ಲದೆ. ಮುಂದಿನ ಸಾಲಿನಲ್ಲಿ ಗಿರಿಜ ಇದ್ದಳು. ಅವಳ ಪಕ್ಕದ ಕುರ್ಚಿಗೆ ಯಾರನ್ನು ತಂದು ಕೂರಿಸಿದ್ದರು ಗೊತ್ತೇ? ಶೃಂಗೇರಿಯ ಅನಂತಯ್ಯನವರನ್ನು! ಇನ್ನೂ ಇದ್ದಾರೆ ಮೇಷ್ಟ್ರೇ, ಕಣ್ಣು ಮಂಜಾಗಿದೆ, ಕಿವಿ ಸರಿಯಿದೆ. ಇವರು ಯಾಕೆ ಬಂದರು, ಇನ್ನೇನು ಕೇಳಲು ಬಂದರು ಎಂದು ನನ್ನ ರಕ್ತ ಕುದಿಯಿತು. ನಾನು ಕತೆ ಮುಗಿಸಿ ಕೆಳಗಿಳಿದಾಗ ಅವರು ಕೋಲು ಎತ್ತಿ ತೋರಿಸಿದರು.

“ಬುಡದಲ್ಲಿ ಎಂತ ಬರ್ದಿದೆ? ಓದು.”

ಓದಿದೆ. “ನೋಡಿ ಬರೆದವರು: ಮಂಜಪ್ಪ, ಶೆಟ್ಟಿಕೊಪ್ಪ.”

“ನೋಡಿ?”

“ನೋಡಿ.”

“ಥೋ! ಅವತ್ತೇ ಅಂದಿದ್ರೆ ಆಗ್ತಿತ್ತಲ್ಲ ಮಾರಾಯ. ನಾನು ಬರ್ದದ್ದೂ ಅಷ್ಟೂ ನೋಡಿಯೇ. ಅರಮನೆ ಬೆಂಕಿಪೆಟ್ಟಿಗೆ ಮೇಲಿಂದು, ಕಾಡು ಕ್ಯಾಲೆಂಡರಿಂದು.”

ಗಿರಿಜ ಅವರ ಕಡೆ ಪೂರ್ತಿ ತಿರುಗಿದಳು. “ಹಾಗಾದ್ರೆ ಅಷ್ಟು ಜನರ ಎದುರು ಅಪ್ಪಯ್ಯನ್ನ ಎಂತಕ್ಕೆ ಕೇಳಿದ್ರಿ?”

ಅನಂತಯ್ಯನವರು ಕಾಣದ ಕಣ್ಣಿನಿಂದ ನಿಮ್ಮ ಮನೆಗಳನ್ನೇ ನೋಡುತ್ತ ಹೇಳಿದರು: “ಅಂಥದ್ದೊಂದು ಚಿತ್ರ ನಂಗೂ ಬೇಕಿತ್ತು ತಂಗಿ.”

ನಂಬಲೋ ಬಿಡಲೋ ಇನ್ನೂ ತಿಳಿಯುತ್ತಿಲ್ಲ. ನೀವು ಎದುರಿಗಿಲ್ಲದಾಗ ಹೇಳುವುದು ಸುಲಭ, ಅಲ್ಲವೇ? ಆದರೆ ಗಿರಿಜ ನಂಬಿದಳು. ಅವರ ಕೋಲನ್ನು ತಾನು ಹಿಡಿದುಕೊಂಡು, ಮೆಟ್ಟಿಲು ಹತ್ತಿಸಿ, ಪರದೆಯ ಹತ್ತಿರ ಕರೆದೊಯ್ದು ಅವರ ಕೈಯನ್ನು ನಿಮ್ಮ ಗೋಡೆಗಳ ಮೇಲೆ ಇಟ್ಟಳು. ಅದಕ್ಕೇ ನಿಮಗೆ ತಿಳಿಸಬೇಕೆಂದು ಕೂತೆ. ಅವರು ನಿಮ್ಮನ್ನು ಕಳ್ಳ ಅಂದದ್ದಲ್ಲವಂತೆ ಮೇಷ್ಟ್ರೇ. ಆ ಚಿತ್ರದ ವಿಳಾಸ ಕೇಳಿದ್ದಂತೆ.

ನಿಮ್ಮ ದ್ವಾರಪಾಲಕ,
ವಾಸು